ತಣ್ಣೀರಿನಲ್ಲಿ ತೊಳೆದ ಫ್ರಾಕು

“ಬಿಡಿ ಅದನ್ನ. ಮಾರೋಕೆ ಇಟ್ಟಿದ್ದಲ್ಲ.”

“ಮಾರೋಕೆ ಅಲ್ದಿದ್ರೆ ಮೇಜಿನ ಮೇಲೆ ಯಾಕೆ ಬಂತು?”

ಹಸಿರು ಫ್ರಾಕಿನ ಕೆಳ ಅಂಚು ಲೋರ್ನಾಳ ಮುಷ್ಟಿಯಲ್ಲಿತ್ತು. ಮೇಲಿನ ಭಾಗ ಮೇಜಿನ ಹಿಂದೆ ನಿಂತು ಮಾರುತ್ತಿದ್ದ ಆ ಅಪರಿಚಿತನ ಮುಷ್ಟಿಯಲ್ಲಿ. ಇಬ್ಬರೂ ಬಿಡುವ ಪೈಕಿ ಅಲ್ಲ.

ಅವನು ಎಳೆದ. ಅವಳೂ ಎಳೆದಳು. ಪಕ್ಕೆಯ ಹೊಲಿಗೆ ಪರ್ರನೆ ಬಿಚ್ಚಿಕೊಂಡಿತು.

ಆ ಸದ್ದು ಕೇಳಿದ್ದೇ ತಡ, ಲೋರ್ನಾಳ ಪಿತ್ತ ನೆತ್ತಿಗೇರಿತು. ಅದೇ ಮೇಜಿನ ಮೇಲಿದ್ದ ಮರದ ಅಟ್ಟೆಯ ಚಪ್ಪಲಿಯೊಂದು ಕೈಗೆ ಸಿಕ್ಕಿತು. ಬೀಸಿಯೇಬಿಟ್ಟಳು!

ಅವನ ಹುಬ್ಬು ಒಡೆದು ರಕ್ತ ಕೆನ್ನೆಯ ಮೇಲೆ ಇಳಿಯಿತು. ಅವನು ಕೈ ಎತ್ತಲಿಲ್ಲ, ಬೈಯಲೂ ಇಲ್ಲ. ಫ್ರಾಕನ್ನು ಮಾತ್ರ ಬಿಡದೆ ಅವಳನ್ನೇ ನೋಡಿದ. ಆ ಕಣ್ಣುಗಳಲ್ಲಿ ಕೋಪ ಇರಲಿಲ್ಲ. ಅವು ಬೇಡಿಕೊಳ್ಳುತ್ತಿದ್ದವು...

‘ಬೇಡಿಕೊಳ್ಳುವ ಗಂಡಸರನ್ನು ನಾನು ನೋಡಿಲ್ಲವೇ? ಹೊಡೆದ ಮರುದಿನ ಎಲ್ಲರೂ ಹೀಗೇ ಬೇಡುತ್ತಾರೆ’ ಅಂದುಕೊಂಡಳು ಲೋರ್ನಾ.

ಹಾಗೆ ಅಂದುಕೊಳ್ಳಲು ಅವಳಿಗೆ ಕಾರಣವಿತ್ತು. ಫ್ರಾಕಿನ ಬೆನ್ನಿನ ಮೇಲೆ ಕಂದು ಕಲೆಗಳಿದ್ದವು. ಒಂದು ಭುಜದ ಪಟ್ಟಿ ಮೊದಲೇ ಕಿತ್ತುಬಂದಿತ್ತು. ನೋಡುವವರು ಅದನ್ನು ಚಹಾದ ಕಲೆ ಅನ್ನಬಹುದಿತ್ತು, ತುಕ್ಕು ಅನ್ನಬಹುದಿತ್ತು. ಲೋರ್ನಾಳಿಗೆ ಮಾತ್ರ ಅದು ರಕ್ತ ಅಂತ ಮುಟ್ಟಿದ ಕ್ಷಣವೇ ಗೊತ್ತಾಗಿತ್ತು. ಅವನ ಬೆರಳ ಗೆಣ್ಣುಗಳು ಬೇರೆ ತರಚಿಹೋಗಿದ್ದವು. ಇನ್ನೇನು ಬೇಕು ಹೇಳಿ?

ಜುಲೈ ತಿಂಗಳ ಭಾನುವಾರ. ಹೇಸ್ಟಿಂಗ್ಸ್ ಊರಿನ ಮೇಲಿನ ಬಂಡೆಗಳಾಚೆ, ಇಬ್ಬನಿ ಆರದ ಹುಲ್ಲುಗಾವಲಿನಲ್ಲಿ ಡಿಕ್ಕಿ ಸಂತೆ ಆಗತಾನೆ ತೆರೆದಿತ್ತು. ಜನ ಕಾರಿನ ಡಿಕ್ಕಿ ಎತ್ತಿ, ಮುಂದೆ ಮಡಚುವ ಮೇಜು ಹಾಕಿ, ಅಜ್ಜಿಯ ಕಾಲದ ಸಾಮಾನನ್ನೆಲ್ಲ ಹರಡಿ ಕೂರುತ್ತಾರೆ. ಬೇಸಿಗೆ ಬಂತೆಂದರೆ ಲಂಡನ್ನಿನಿಂದ ರೈಲು ತುಂಬ ಬರುವ ಮಂದಿಗೆ ಹಳೆಯ ಹುಲ್ಲಿನ ಟೋಪಿ, ಪಟ್ಟೆ ಪಟ್ಟೆಯ ಈಜುಡುಗೆ, ಐವತ್ತರ ದಶಕದ ಫ್ರಾಕು ಬೇಕು. ಅವನ್ನು ಹಾಕಿಕೊಂಡು ಕಡಲತೀರದಲ್ಲಿ ಫೋಟೊ ತೆಗೆಸಿಕೊಳ್ಳದಿದ್ದರೆ ಅವರಿಗೆ ಬೇಸಿಗೆಯೇ ಆಗಲಿಲ್ಲ. ಹಳೇ ಊರಿನ ಓಣಿಯಲ್ಲಿ ಅಂಥ ಬಟ್ಟೆಗಳ ಅಂಗಡಿ ಇಟ್ಟುಕೊಂಡಿದ್ದವಳು ನಮ್ಮ ಲೋರ್ನಾ. ಕೊಳಕು ಬಟ್ಟೆಯನ್ನು ಹೊಸದರಂತೆ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಜಗಳದಲ್ಲೂ ಅಷ್ಟೇ.

ಆ ಸಂತೆಗೆ ಒಂದು ಕಟ್ಟಳೆ ಇದೆ. ಮೇಜಿನ ಮೇಲಿನ ಸಾಮಾನು ಯಾರ ಕೈಯಲ್ಲಿದೆಯೋ, ಅವರು ಕೆಳಗಿಡುವ ತನಕ ಅದು ಅವರದ್ದು. ಬೇರೆಯವರು ಬೆಲೆ ಕೇಳುವಂತಿಲ್ಲ, ಮಾರುವವನೂ ಹಿಂದಕ್ಕೆ ಕಿತ್ತುಕೊಳ್ಳುವಂತಿಲ್ಲ. ಇದನ್ನು ಮುರಿದವನ ಜೊತೆ ಮತ್ತೆ ಯಾರೂ ವ್ಯಾಪಾರ ಮಾಡುವುದಿಲ್ಲ.

ಗಲಾಟೆ ಕೇಳಿ ಜನ ಸೇರಿದರು. ಸಂತೆಯ ಹಿರಿಯ ಮಾರಿಸ್ ಕುರ್ಚಿಯಿಂದ ಎದ್ದು ಬಂದ. ಹೊಡೆದಾಡಿದ್ದು ಯಾಕೆ ಅಂತ ಆತ ಕೇಳಲಿಲ್ಲ. ಫ್ರಾಕು ಮೇಜಿನ ಮೇಲಿತ್ತೇ, ಮೊದಲು ಕೈ ಹಾಕಿದವರು ಯಾರು, ಇಷ್ಟೇ ಅವನ ವಿಚಾರಣೆ.

ಆಗ ಗುಂಪಿನಿಂದ ಚಹಾದ ಮಗ್ ಹಿಡಿದುಕೊಂಡು ಕೀತ್ ಮುಂದೆ ಬಂದ. ಹಳೆಯ ಸೂಟ್‌ಕೇಸು, ಬೀಚ್ ಕುರ್ಚಿ ಮಾರುವ ಕೀತ್ ಅಂದರೆ ಎಲ್ಲರಿಗೂ ಅಚ್ಚುಮೆಚ್ಚು. ಮಳೆ ಬಂದರೆ ಪಕ್ಕದವರ ಮೇಜಿಗೂ ತಾನೇ ಟಾರ್ಪಾಲು ಹೊದಿಸುವಂಥವನು.

“ನಾನೇ ನೋಡಿದೆ, ಮಾರಿಸ್. ಮೇಜಿನ ಮೇಲೇ ಇತ್ತು. ಕೈಯಲ್ಲಿರೋದು ಅವಳದ್ದು,” ಅಂದ. ಆಮೇಲೆ ಲೋರ್ನಾಳ ಕಡೆ ತಿರುಗಿ ಮೆಲ್ಲಗೆ ನಕ್ಕ. “ತಗೊಂಡ್ಹೋಗು ಚಿನ್ನ. ಪಾಪ, ಕಲೆ ಆಗಿದೆ ನೋಡು. ಚೆನ್ನಾಗಿ ಒಗೆದುಬಿಡು.”

ಅಪರಿಚಿತನ ಮುಖ ಬಿಳಿಚಿಕೊಂಡಿತು. ಅವನು ಕೀತ್‌ನನ್ನು ನೋಡಿದ, ಲೋರ್ನಾಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

“ದಯವಿಟ್ಟು... ಕೆಳಗಿಡಿ,” ಅಂದ, ಅವಳಿಗೆ ಮಾತ್ರ ಕೇಳಿಸುವಷ್ಟು ಸಣ್ಣಗೆ.

ಲೋರ್ನಾ ಕೆಳಗಿಡಲಿಲ್ಲ. ಹಣವನ್ನು ಮೇಜಿನ ಮೇಲೆ ಎಸೆದು ಫ್ರಾಕನ್ನು ಎದೆಗವಚಿಕೊಂಡು ಹೊರಟೇಬಿಟ್ಟಳು.

ಅವನ ಹೆಸರು ರೂಬೆನ್ ಅಂತ ಹಿಂದಿನಿಂದ ಯಾರೋ ಕರೆದಾಗ ಅವಳಿಗೆ ಗೊತ್ತಾಯಿತು. ಸತ್ತವರ ಮನೆ ಖಾಲಿ ಮಾಡಿಸಿ ಸಾಮಾನು ಮಾರುವವನಂತೆ. ಈ ಸಂತೆಗೆ ಹೊಸಬ.

*

ಲೋರ್ನಾಳ ಅಪ್ಪ ಊರಿಗೆಲ್ಲ ಒಳ್ಳೆಯವನಾಗಿದ್ದ. ಮನೆಯಲ್ಲಿ ಅವಳ ಅಮ್ಮನ ಮೂಗು ಒಡೆಯುತ್ತಿದ್ದ.

ಬೆಳಿಗ್ಗೆ ಸ್ಕೂಲಿಗೆ ಹೋಗುವ ಮೊದಲು ಅಮ್ಮ, ಮಗಳು ಇಬ್ಬರೂ ಸಿಂಕಿನ ಮುಂದೆ ನಿಂತು ಅಮ್ಮನ ರವಿಕೆಯ ಕಾಲರ್ ಉಜ್ಜುತ್ತಿದ್ದರು. ಬಿಸಿನೀರು ಹಾಕಿದರೆ ರಕ್ತ ನೂಲಿನಲ್ಲೇ ಕೂತುಬಿಡುತ್ತೆ, ತಣ್ಣೀರಿಗೆ ಉಪ್ಪು ಹಾಕು ಅಂತ ಅಮ್ಮ ಹೇಳಿಕೊಟ್ಟಿದ್ದಳು. ಬೇರೆ ಅಮ್ಮಂದಿರು ಕೇಕ್ ಮಾಡುವುದನ್ನು ಹೇಳಿಕೊಡುವ ಹಾಗೆ, ಅಷ್ಟೇ ಸಹಜವಾಗಿ. ಕಲೆ ಹೋದ ಮೇಲೆ ಅಮ್ಮ ಆ ರವಿಕೆಯನ್ನೇ ಇಸ್ತ್ರಿ ಮಾಡಿ ಹಾಕಿಕೊಂಡು, ಏನೂ ಆಗದವಳಂತೆ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಅಮ್ಮ ಮೆಟ್ಟಿಲಿನಿಂದ ಬಿದ್ದು ಸತ್ತಳು ಅಂತ ಅಪ್ಪ ಹೇಳಿದ. ಊರು ನಂಬಿತು.

ಲೋರ್ನಾ ಅವತ್ತು ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿ, ಹಸಿರು ಫ್ರಾಕನ್ನು ತಣ್ಣೀರಿನಲ್ಲಿ ನೆನೆಸಿದಳು. ನೀರು ಕೆಂಪಾಯಿತು. ಚೆಲ್ಲಿದಳು. ಮತ್ತೆ ನೆನೆಸಿದಳು. ಕಿತ್ತ ಪಟ್ಟಿಯನ್ನು ಅದೇ ಬಣ್ಣದ ದಾರದಿಂದ ಹೊಲಿದಳು, ಬಿಚ್ಚಿದ ಪಕ್ಕೆಯನ್ನು ಸರಿ ಮಾಡಿದಳು.

‘ಯಾರೋ ಏನೋ ನೀನು, ತಾಯಿ... ನಿನ್ನನ್ನು ಅವನ ಕೈಯಿಂದ ಬಿಡಿಸಲು ನನ್ನಿಂದ ಆಗಲಿಲ್ಲ. ನಿನ್ನ ಫ್ರಾಕನ್ನಾದರೂ ಬಿಡಿಸಿದೆ.’

ಹೊಲಿಯುವಾಗ ಅವಳು ಅಳುತ್ತಿದ್ದಳು. ಆ ಹೊಲಿಗೆ ಎಷ್ಟು ಅಚ್ಚುಕಟ್ಟಾಗಿ ಬಂತೆಂದರೆ, ಅಲ್ಲಿ ಹರಿದಿತ್ತು ಅಂತ ದೇವರಿಗೂ ಗೊತ್ತಾಗುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ರೂಬೆನ್ ಬಂದ, ಹುಬ್ಬಿನ ಮೇಲೆ ಪಟ್ಟಿ ಹಾಕಿಕೊಂಡು. ಎಷ್ಟು ಹಣ ಬೇಕಾದರೂ ಕೊಡುತ್ತೇನೆ, ಫ್ರಾಕು ಹಾಗೇ ಕೊಟ್ಟುಬಿಡಿ ಅಂದ. ಲೋರ್ನಾ ಕತ್ತರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕಿಟಕಿಯ ಕಡೆ ತೋರಿಸಿದಳು. ಗೊಂಬೆಯ ಮೈಮೇಲೆ ಫ್ರಾಕು ಅಂಗಡಿಗೇ ಕಳೆ ತಂದಿತ್ತು.

“ಒಗೆದ್ರಾ?”

“ಒಗೆದೆ. ನಿನ್ನ ಗುರುತು ಒಂದೂ ಉಳಿದಿಲ್ಲ.”

ಅವನು ಬಾಗಿಲ ಚೌಕಟ್ಟಿಗೆ ಒರಗಿದ. ಒಮ್ಮೆ ನಕ್ಕ. ಆಮೇಲೆ ಗೋಡೆಗೆ ಎಂಥ ಗುದ್ದು ಗುದ್ದಿದನೆಂದರೆ, ಕಪಾಟಿನ ಮೇಲಿದ್ದ ಟೋಪಿಗಳೆಲ್ಲ ಉರುಳಿದವು. ಬೆರಳುಗಳಿಂದ ಮತ್ತೆ ರಕ್ತ ಒಸರಿತು.

“ನೀವು ಏನು ಮಾಡಿದ್ರಿ ಅಂತ ನಿಮಗೆ ಗೊತ್ತಿಲ್ಲ,” ಅಂದು ಹೊರಟುಹೋದ.

ಲೋರ್ನಾ ಅದನ್ನು ಬೆದರಿಕೆ ಎಂದೇ ತಿಳಿದಳು. ಅವನು ಹೋದ ಮೇಲೂ ಅವಳ ಎದೆ ಡವಗುಟ್ಟುತ್ತಿತ್ತು. ಹೆದರಿಕೆಯಿಂದಷ್ಟೇ ಅಲ್ಲ ಅನ್ನುವುದು ಅವಳಿಗೆ ಇನ್ನೂ ಸಿಟ್ಟು ತರಿಸಿತು. ಗೋಡೆಗೆ ಗುದ್ದುವವನ ಕಣ್ಣುಗಳು ಹಾಗಿರಬಾರದಿತ್ತು!

ಸಂಜೆ ಕೀತ್ ಬಂದು ಕಿಟಕಿಯ ಮುಂದೆ ನಿಂತು ಫ್ರಾಕನ್ನು ತುಂಬ ಹೊತ್ತು ನೋಡಿದ. ಕೈಯಲ್ಲಿ ಅವಳಿಗಾಗಿ ಐಸ್‌ಕ್ರೀಮ್ ತಂದಿದ್ದ. ನಿನ್ನ ಕೈಗೆ ಚಿನ್ನದ ಬಳೆ ತೊಡಿಸಬೇಕು ಅಂತ ಹೊಗಳಿದ. ಲೋರ್ನಾ ಐಸ್‌ಕ್ರೀಮ್ ತಿಂದಳು. ಅದನ್ನು ನೆನೆದರೆ ಅವಳಿಗೆ ಇವತ್ತಿಗೂ ವಾಕರಿಕೆ ಬರುತ್ತದೆ.

*

ಅದೇ ವಾರ ಒಂದು ಮಧ್ಯಾಹ್ನ, ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಒಂದು ತೋಳನ್ನು ತೂಗುಹಾಕಿಕೊಂಡಿದ್ದ ಹೆಂಗಸೊಬ್ಬಳು ಕಿಟಕಿಯ ಮುಂದೆ ನಿಂತಳು. ಎಷ್ಟು ಹೊತ್ತಾದರೂ ಕದಲಲಿಲ್ಲ. ಗಾಜಿನ ಮೇಲೆ ಕೈಯಿಟ್ಟು ಫ್ರಾಕನ್ನೇ ನೋಡುತ್ತಿದ್ದಳು.

ಲೋರ್ನಾಳಿಗೆ ಕೂಡಲೇ ಅರ್ಥವಾಯಿತು. ಹೊರಗೆ ಓಡಿಬಂದು ಅವಳ ಆರೋಗ್ಯವಾದ ಕೈ ಹಿಡಿದುಕೊಂಡಳು.

“ಇದು ನಿಮ್ಮದೇ ಅಲ್ವಾ? ಹೆದರಬೇಡಿ. ಆ ರೂಬೆನ್ ಕೈಯಿಂದ ನಾನೇ ಕಿತ್ಕೊಂಡು ಬಂದೆ.”

ಹೆಂಗಸು ಅವಳನ್ನು ವಿಚಿತ್ರವಾಗಿ ನೋಡಿದಳು.

“ರೂಬೆನ್ ನನ್ನ ತಮ್ಮ,” ಅಂದಳು. “ನನ್ನ ಗಂಡ ಕೀತ್.”

ಓಣಿಯ ಮೇಲೆ ಕಡಲಕಾಗೆಗಳು ಕಿರುಚಾಡುತ್ತಿದ್ದವು. ಲೋರ್ನಾಳಿಗೆ ಅದೊಂದೂ ಕೇಳಿಸಲಿಲ್ಲ.

ಆ ಹೆಂಗಸಿನ ಹೆಸರು ಗ್ವೆನ್. ಅಂಗಡಿಯ ಒಳಗೆ ಕೂತು, ಚಹಾದ ಲೋಟ ಮುಟ್ಟದೆ, ನಡೆದದ್ದನ್ನೆಲ್ಲ ಹೇಳಿದಳು. ಜೂನ್ ಕೊನೆಗೆ ಪಕ್ಕದ ಊರು ಬೆಕ್ಸ್‌ಹಿಲ್‌ನ ಬಿಳಿ ಸಭಾಭವನವಾದ ಪೆವಿಲಿಯನ್‌ನಲ್ಲಿ ಹಳೆಯ ಪಾಪ್ ಸಂಗೀತದ ದಿನ ಇತ್ತು. ಆ ಹಸಿರು ಫ್ರಾಕು ಹಾಕಿಕೊಂಡು ಅವಳು ಯಾರೋ ಮುದುಕನ ಜೊತೆ ಒಂದು ಹಾಡಿಗೆ ಕುಣಿದಳು. ಕೀತ್ ನಗುನಗುತ್ತಲೇ ಚಪ್ಪಾಳೆ ತಟ್ಟಿದ. ಮನೆಗೆ ಬಂದ ಮೇಲೆ ಹಿಂದಿನಿಂದ ಭುಜದ ಪಟ್ಟಿ ಹಿಡಿದೆಳೆದು ಒಲೆಯ ಮೂಲೆಗೆ ಬಡಿದ. ತಲೆಯ ಹಿಂಭಾಗ ಒಡೆಯಿತು, ತೋಳು ಮುರಿಯಿತು. ಆಸ್ಪತ್ರೆಯಲ್ಲಿ ಅವನು ಪಕ್ಕದಲ್ಲೇ ನಿಂತಿದ್ದರಿಂದ ಮೆಟ್ಟಿಲಿನಿಂದ ಬಿದ್ದೆ ಅಂತ ಅವಳೇ ಬರೆಸಿದಳು.

ಕೊನೆಗೆ ತಮ್ಮನ ಮನೆಗೆ ಓಡಿಬಂದಳು. ಬರುವಾಗ ಆ ಫ್ರಾಕನ್ನು ಒಂದು ಕಪ್ಪು ಚೀಲಕ್ಕೆ ತುಂಬಿ ತಂದಿದ್ದಳು. ಅವನು ಹೊಡೆದ ಅನ್ನುವುದಕ್ಕೆ ಉಳಿದ ಒಂದೇ ಸಾಕ್ಷಿ ಅದು. ಪೊಲೀಸರ ಹತ್ತಿರ ಹೋಗುವ ಧೈರ್ಯ ಬಂದದ್ದು ಆ ಶನಿವಾರ. ಸೋಮವಾರ ಹೋಗೋಣ ಅಂದರು. ಭಾನುವಾರ ನಸುಕಿನ ಮಬ್ಬಿನಲ್ಲಿ ರೂಬೆನ್ ಸಂತೆಗೆ ವ್ಯಾನು ಖಾಲಿ ಮಾಡುವಾಗ, ಸತ್ತವರ ಮನೆಯ ಕಪ್ಪು ಚೀಲಗಳ ಜೊತೆ ಅದನ್ನೂ ಮೇಜಿನ ಮೇಲೆ ಸುರಿದಿದ್ದ.

“ಕೀತ್ ಅಲ್ಲೇ ನಿಂತಿದ್ನಂತೆ. ಅದು ಸಾಕ್ಷಿ ಅಂತ ರೂಬೆನ್ ಅವನೆದುರಿಗೆ ಬಾಯಿ ಬಿಟ್ಟು ಹೇಳೋದು ಹೇಗೆ?” ಅಂದಳು ಗ್ವೆನ್. ಅವಳ ದನಿಯಲ್ಲಿ ಬೈಗುಳವಿರಲಿಲ್ಲ. ಬೈದಿದ್ದರೆ ಲೋರ್ನಾಳಿಗೆ ಎಷ್ಟೋ ಹಗುರಾಗುತ್ತಿತ್ತು.

‘ಅಮ್ಮನ ರಕ್ತವನ್ನೂ ನಾನೇ ತೊಳೆದೆ. ಇವಳದ್ದನ್ನೂ ನಾನೇ ತೊಳೆದೆ. ಹೊಡೆದವರೆಲ್ಲ ಬೆಳ್ಳಗೆ ಓಡಾಡಿಕೊಂಡಿರಲಿ ಅಂತಲೇ ನನ್ನ ಕೈಗೆ ಈ ವಿದ್ಯೆ ಬಂತೇ...’

*

ರೂಬೆನ್ ತನ್ನ ಹಿತ್ತಲಿನಲ್ಲಿ ಹುಳ ಹಿಡಿದ ಬೀರುವೊಂದನ್ನು ಕೊಡಲಿಯಿಂದ ಒಡೆಯುತ್ತಿದ್ದ. ಲೋರ್ನಾ ಬಂದು ನಿಂತಳು. ತಪ್ಪಾಯಿತು ಅಂದಳು. ಕೊಡಲಿ ನಿಲ್ಲಲಿಲ್ಲ. ಬೀರುವಿನ ಕನ್ನಡಿ ಒಡೆದು ಅವಳ ಕಾಲ ಬಳಿ ಚೂರುಗಳು ಬಿದ್ದವು. ಅವಳು ಹಿಂದೆ ಸರಿಯಲಿಲ್ಲ.

“ಅವನ ವಕೀಲನೂ ಇಷ್ಟು ಚೆನ್ನಾಗಿ ಕೆಲಸ ಮಾಡ್ತಿರ್ಲಿಲ್ಲ,” ಅಂದ ರೂಬೆನ್.

“ಹೌದು.”

“ನನ್ನ ಅಕ್ಕ ಮತ್ತೆ ಅವನ ಹತ್ರಾನೇ ಹೋಗ್ತೀನಿ ಅಂತಿದ್ದಾಳೆ. ಯಾರೂ ನಂಬಲ್ಲ, ಇನ್ಯಾಕೆ ಅಂತ.”

“ನಾನು ನೋಡಿದ್ದನ್ನ ಪೊಲೀಸರಿಗೆ ಹೇಳ್ತೀನಿ. ಕಲೆ ಎಲ್ಲಿತ್ತು, ಪಟ್ಟಿ ಎಲ್ಲಿ ಕಿತ್ತಿತ್ತು, ಎಲ್ಲಾ.” ಅಂದಳು ಲೋರ್ನಾ. “ಆಮೇಲೆ ನೀವು ನನ್ನ ಮುಖ ನೋಡಬೇಕಾಗಿಲ್ಲ.”

ಕೊಡಲಿ ನಿಂತಿತು. ಅವನ ಮುಷ್ಟಿಯನ್ನು ಅವಳು ನೋಡುತ್ತಿದ್ದುದನ್ನು ಗಮನಿಸಿ ಅವನೇ ಹೇಳಿದ. ಗ್ವೆನ್ ಓಡಿಬಂದ ರಾತ್ರಿ ಕೀತ್‌ನನ್ನು ಕೊಂದೇಬಿಡುತ್ತೇನೆ ಅಂತ ಹೊರಟಿದ್ದನಂತೆ. ಅಕ್ಕ ಮುರಿದ ತೋಳಿನಲ್ಲೇ ಅವನ ಕಾಲು ಹಿಡಿದುಕೊಂಡಳು. ನೀನು ಹೊಡೆದರೆ ಜೈಲಿಗೆ ಹೋಗುವವನು ನೀನು, ಅವನಲ್ಲ ಅಂದಳು. ಅಂದಿನಿಂದ ಅವನ ಗುದ್ದೆಲ್ಲ ಗೋಡೆಗೆ.

ಪೊಲೀಸ್ ಅಧಿಕಾರಿಣಿ ಎಲ್ಲವನ್ನೂ ಕೇಳಿ ಬರೆದುಕೊಂಡಳು. ಒಳ್ಳೆಯ ಹೆಂಗಸು. ಆದರೆ ಒಗೆದು ಹೊಲಿದ ಬಟ್ಟೆ ಕೋರ್ಟಿನಲ್ಲಿ ಬಾಯಿ ಬಿಡುವುದಿಲ್ಲ, ಆಸ್ಪತ್ರೆಯಲ್ಲಿ ನೀವೇ ಬೇರೆ ಬರೆಸಿದ್ದೀರಿ, ಇಷ್ಟರಲ್ಲಿ ಕೇಸು ನಿಲ್ಲುವುದು ಕಷ್ಟ ಅಂತ ಮುಚ್ಚುಮರೆಯಿಲ್ಲದೆ ಹೇಳಿದಳು.

ಅವತ್ತೇ ಲೋರ್ನಾ ಗ್ವೆನ್‌ಳನ್ನು ಅಂಗಡಿಯ ಮೇಲಿನ ತನ್ನ ಕೋಣೆಗೆ ಕರೆದುಕೊಂಡು ಬಂದಳು. ಗಂಡನ ಹತ್ತಿರ ಹೋಗುವುದಾದರೆ ನನ್ನನ್ನು ದಾಟಿಕೊಂಡು ಹೋಗು ಅಂದಳು. ಗ್ವೆನ್‌ಗೆ ನಗು ಬಂತು.

ಬೆಳಿಗ್ಗೆ ಬೆಳಿಗ್ಗೆ ರೂಬೆನ್ ಬಿಸಿ ಬನ್ನು, ಬೇಕನ್ ತರುತ್ತಿದ್ದ. ಮೂವರೂ ಕಡಲತೀರದ ಉರುಟು ಕಲ್ಲುಗಳ ಮೇಲೆ ಕೂತು ತಿನ್ನುತ್ತಿದ್ದರು. ಮೊದಮೊದಲು ಅವನು ಅಕ್ಕನ ಆಚೆ ಬದಿಗೆ ಕೂರುತ್ತಿದ್ದ. ಒಂದು ದಿನ ಗ್ವೆನ್ ಬೇಕೆಂದೇ ಎದ್ದು ನೀರಿನ ಕಡೆ ನಡೆದಳು. ಇಬ್ಬರ ನಡುವೆ ಬನ್ನಿನ ಪೊಟ್ಟಣ ಮಾತ್ರ ಉಳಿಯಿತು. ಲೋರ್ನಾ ತನ್ನ ಅಮ್ಮನ ಕಥೆಯನ್ನು ಅವನಿಗೆ ಹೇಳಿದಳು. ಯಾರಿಗೂ ಹೇಳದ ಕಥೆ. ಅವನು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಕೇಳುತ್ತಾ ಕೇಳುತ್ತಾ ಅಳುತ್ತಿದ್ದ, ಅಷ್ಟೇ. ಕಣ್ಣೊರೆಸಿಕೊಳ್ಳಲೂ ಮರೆತು.

‘ಇವನನ್ನೇ ನಾನು ಹೊಡೆದದ್ದು’ ಅಂದುಕೊಂಡಳು ಲೋರ್ನಾ. ಅವಳಿಗೆ ಪ್ರೀತಿ ಹುಟ್ಟಿದ್ದು ಅಲ್ಲಿ. ಜೊತೆಗೇ ಹೆದರಿಕೆಯೂ.

*

ಆಗಸ್ಟ್‌ನಲ್ಲಿ ಬೆಕ್ಸ್‌ಹಿಲ್‌ನ ಪೆವಿಲಿಯನ್‌ನಲ್ಲಿ ಮತ್ತೊಂದು ಹಳೆಯ ಕಾಲದ ದಿನ. ಸಮುದ್ರದ ಕಡೆಗಿನ ಉದ್ದ ಜಗಲಿಯ ಮೇಲೆ ಬ್ಯಾಂಡು, ಕೆಳಗೆ ಹುಲ್ಲಿನ ಮೇಲೆ ವ್ಯಾಪಾರಿಗಳ ಮೇಜುಗಳು. ಎಲ್ಲರೂ ಟೋಪಿ, ಬಿಳಿ ಪ್ಯಾಂಟು, ಮುತ್ತಿನ ಸರ. ಕೀತ್ ಕೂಡ ತನ್ನ ಸೂಟ್‌ಕೇಸುಗಳ ಜೊತೆ ಅಲ್ಲಿದ್ದ. ಹೆಂಡತಿ ಯಾವನದ್ದೋ ಹಿಂದೆ ಓಡಿಹೋದಳು ಅಂತ ಅಷ್ಟರಲ್ಲಿ ಊರಿಗೆಲ್ಲ ಹೇಳಿಕೊಂಡಿದ್ದ. ಜನ ಅಯ್ಯೋ ಪಾಪ ಅನ್ನುತ್ತಿದ್ದರು.

ಹಿಂದಿನ ದಿನ ಗ್ವೆನ್ ಕಿಟಕಿಯ ಗೊಂಬೆಯ ಮುಂದೆ ನಿಂತು, ಅದನ್ನು ಬಿಚ್ಚಿಕೊಡು ಅಂದಿದ್ದಳು. ಹಾಕಿಕೊಂಡು ಹೋಗುತ್ತೇನೆ, ಎಲ್ಲರ ಮುಂದೆ ಹೇಳುತ್ತೇನೆ, ಆಮೇಲೆ ಏನಾದರೂ ಆಗಲಿ. ರೂಬೆನ್ ಬೇಡವೇ ಬೇಡ ಅಂದ. ಹೋಗುವುದಾದರೆ ನಾನೂ ಬರುತ್ತೇನೆ ಅಂದ. ಗ್ವೆನ್ ಒಂದೇ ಷರತ್ತು ಹಾಕಿದಳು: ಏನೇ ಆದರೂ ನೀನು ಕೈ ಎತ್ತಬಾರದು. ನೀನು ಒಂದು ಏಟು ಹಾಕಿದರೂ ಅವನು ಪಾಪದವನಾಗುತ್ತಾನೆ.

ಗ್ವೆನ್ ಜಗಲಿಯ ಮೆಟ್ಟಿಲಿಳಿದು ಬಂದಳು. ತೋಳು ಇನ್ನೂ ಬಟ್ಟೆಯಲ್ಲಿ ತೂಗುತ್ತಿತ್ತು. ಹಸಿರು ಫ್ರಾಕು ಗಾಳಿಗೆ ಹಾರಾಡುತ್ತಿತ್ತು. ನೇರವಾಗಿ ಗಂಡನ ಮೇಜಿನ ಮುಂದೆ ಹೋಗಿ ನಿಂತಳು.

“ಹೋದ ಸಲ ಇದನ್ನ ಹಾಕ್ಕೊಂಡು ಕುಣಿದೆ. ಮನೆಗೆ ಕರ್ಕೊಂಡು ಹೋಗಿ ನನ್ನ ತಲೆ ಒಡೆದೆ. ತೋಳು ಮುರಿದೆ. ನಾನು ಓಡಿಹೋಗಿದ್ದು ನಿನ್ನಿಂದ, ಕೀತ್. ಇನ್ನೊಬ್ಬನ ಹಿಂದೆ ಅಲ್ಲ.”

ಬ್ಯಾಂಡಿನವರಿಗೆ ಕೇಳಿಸಲಿಲ್ಲ, ಹಾಡು ನಡೆದೇ ಇತ್ತು. ಸುತ್ತಲಿನವರಿಗೆಲ್ಲ ಕೇಳಿಸಿತು.

ಕೀತ್ ಮೊದಲು ನಕ್ಕ. ಇವಳಿಗೆ ತಲೆ ಸರಿಯಿಲ್ಲ ಅಂದ. ಫ್ರಾಕನ್ನು ನೋಡಿದ. ತಾನೇ ಒಗೆಸಿದ್ದ ಫ್ರಾಕು, ಒಂದು ಕಲೆಯೂ ಇಲ್ಲದೆ, ಬಿಸಿಲಿನಲ್ಲಿ ಅವನ ಮುಂದೆಯೇ ನಿಂತಿತ್ತು. ಅವಳಿಗೆ ಮನೆಗೆ ನಡಿ ಅಂದ. ಅವಳು ಬರುವುದಿಲ್ಲ ಅಂದಳು. ಅಷ್ಟೇ, ಅವನ ಮುಖವಾಡ ಕಳಚಿ ಬಿತ್ತು. ಮೇಜು ತಳ್ಳಿ ಮುನ್ನುಗ್ಗಿ ಅವಳ ಕೂದಲಿಗೆ ಕೈ ಹಾಕಿದ.

ಲೋರ್ನಾ ನಡುವೆ ನುಗ್ಗಿದಳು. ಮುಷ್ಟಿ ಅವಳ ಬಾಯಿಗೆ ಬಿತ್ತು. ತುಟಿ ಸೀಳಿತು, ಬಾಯಿ ತುಂಬ ರಕ್ತ. ಬಿದ್ದಲ್ಲಿಂದಲೇ ಅವನ ಕಾಲನ್ನು ತಬ್ಬಿಕೊಂಡಳು. ಅವನು ಅವಳ ಪಕ್ಕೆಗೆ ಒದ್ದ. ಇನ್ನೊಂದು ಒದೆತಕ್ಕೆ ಕಾಲು ಎತ್ತಿದ.

ಆ ಒದೆತ ಅವಳಿಗೆ ಬೀಳಲಿಲ್ಲ. ರೂಬೆನ್ ಅವಳ ಮೇಲೆ ಬಾಗಿ ನಿಂತಿದ್ದ.

ಅವನ ಎರಡೂ ಕೈಗಳು ಪ್ಯಾಂಟಿನ ಜೇಬಿನೊಳಗಿದ್ದವು!

ಕೀತ್ ಅವನ ಪಕ್ಕೆಗೆ ಗುದ್ದಿದ. ಮುಖಕ್ಕೆ ಗುದ್ದಿದ. ಕಬ್ಬಿಣದ ಬೀಚ್ ಕುರ್ಚಿ ಎತ್ತಿ ಬೆನ್ನಿಗೆ ಬಾರಿಸಿದ. ರೂಬೆನ್ ಮೊಣಕಾಲೂರಿ ಕುಸಿದ, ಮತ್ತೆ ಎದ್ದ. ಜೇಬಿನಿಂದ ಕೈ ತೆಗೆಯಲಿಲ್ಲ. ಕೆಳಗಿನಿಂದ ಲೋರ್ನಾಳಿಗೆ ಅವನ ಮುಖ ಕಾಣುತ್ತಿತ್ತು. ಹಲ್ಲು ಕಚ್ಚಿದ್ದ, ಕಣ್ಣಿನಿಂದ ನೀರು ಇಳಿಯುತ್ತಿತ್ತು, ಜೇಬಿನ ಬಟ್ಟೆಯೊಳಗೆ ಮುಷ್ಟಿಗಳು ಒದ್ದಾಡುತ್ತಿದ್ದವು. ಅವನಿಗಿಂತ ಗಿಡ್ಡ ಕೀತ್. ಒಂದೇ ಏಟಿಗೆ ಮಲಗಿಸಬಹುದಿತ್ತು. ಅವನು ಹೊಡೆಯಲಿಲ್ಲ.

ಗಂಡಸಿನ ಶಕ್ತಿ ಅಂದರೆ ಏನು ಅಂತ ಲೋರ್ನಾ ಅವತ್ತು ನೋಡಿದಳು.

ಹಾಡು ನಿಂತಿತು. ಟೋಪಿ ಹಾಕಿದ ಜನ ಕಲ್ಲಿನಂತೆ ನಿಂತಿದ್ದರು. ಮೊದಲು ಮುಂದೆ ಬಂದವನು ಮಾರಿಸ್. ಡಿಕ್ಕಿ ಸಂತೆಯಲ್ಲಿ ಯಾರ ಮನೆಯ ವಿಷಯಕ್ಕೂ ಕೈ ಹಾಕದಿದ್ದ ಆ ಮುದುಕ ತನ್ನ ಊರುಗೋಲನ್ನು ಕೀತ್‌ನ ಎದೆಗೆ ಅಡ್ಡ ಹಿಡಿದ. ಆಮೇಲೆ ಎಲ್ಲರೂ ನುಗ್ಗಿದರು. ಪೊಲೀಸರು ಬರುವ ತನಕ ಅವನನ್ನು ಹುಲ್ಲಿಗೆ ಅದುಮಿ ಹಿಡಿದುಕೊಂಡರು. ಮೆಟ್ಟಿಲಿನ ಮಾತು ಮುಗಿದುಹೋಯಿತು. ಇಷ್ಟೊಂದು ಜನರ ಕಣ್ಣೆದುರು ನಡೆದದ್ದನ್ನು ಯಾವ ತಣ್ಣೀರಿನಿಂದಲೂ ತೊಳೆಯಲಾಗದು.

ಮುಂದೆ ಕೋರ್ಟಿನಲ್ಲಿ ಬೇರೆ ದಾರಿ ಕಾಣದೆ ಕೀತ್ ಎಲ್ಲ ತಪ್ಪನ್ನೂ ಒಪ್ಪಿಕೊಂಡ, ಗ್ವೆನ್‌ಗೆ ಮಾಡಿದ್ದನ್ನೂ ಸೇರಿಸಿ. ಅವನಿಗೆ ಜೈಲಾಯಿತು.

*

ಆ ಹೊಡೆದಾಟದ ಮರುದಿನದಿಂದಲೇ ರೂಬೆನ್ ಬೆಳಗಿನ ಬನ್ನು ತರುವುದನ್ನು ನಿಲ್ಲಿಸಿದ್ದ.

‘ನನ್ನ ಮುಖ ಕಂಡರೆ ಆ ಒಗೆದ ಫ್ರಾಕೇ ನೆನಪಾಗುತ್ತೆ, ಪಾಪ. ಅಕ್ಕನಿಗೋಸ್ಕರ ಇಷ್ಟು ದಿನ ಸಹಿಸಿಕೊಂಡ’ ಅಂದುಕೊಂಡಳು ಲೋರ್ನಾ. ತುಟಿಯ ಹೊಲಿಗೆ ಬಿಚ್ಚಿದರು. ನೋವು ಕಡಿಮೆಯಾಯಿತು. ಉಳಿದದ್ದು ಯಾವುದೂ ಕಡಿಮೆಯಾಗಲಿಲ್ಲ.

ಗ್ವೆನ್‌ಗೆ ರೇಗಿಹೋಯಿತು. ಅವನು ಬರದಿರುವುದು, ಇಷ್ಟೆಲ್ಲ ಏಟು ತಿಂದ ಹೆಣ್ಣಿಗೆ ಇನ್ನು ಯಾವ ಗಂಡಸಿನ ನೆರಳೂ ಬೇಡವಾಗಿರುತ್ತೆ ಅಂತ. ಇವಳು ಹೋಗದಿರುವುದು, ಅವನಿಗೆ ತಾನು ಬೇಡ ಅಂತ. ಇಬ್ಬರೂ ಸೇರಿ ನನ್ನನ್ನು ಹುಚ್ಚಾಸ್ಪತ್ರೆಗೆ ಕಳಿಸುತ್ತೀರಿ ಅಂತ ಬೈದು, ಲೋರ್ನಾಳನ್ನು ಬಾಗಿಲಿನಿಂದ ಹೊರಗೆ ತಳ್ಳಿದಳು.

ರೂಬೆನ್ ಹಿತ್ತಲಿನ ಬೆಂಚಿನ ಮೇಲೆ ಕೂತಿದ್ದ. ಪಕ್ಕೆಲುಬುಗಳು ಮುರಿದಿದ್ದರಿಂದ ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿದ್ದರು. ಅವಳನ್ನು ಕಂಡು ಏಳಲು ಹೋಗಿ ಮುಖ ಕಿವುಚಿದ. ಕೂತ್ಕೋ ಅಂತ ಗದರಿ ಲೋರ್ನಾ ಪಕ್ಕದಲ್ಲಿ ಕೂತಳು.

ನೆಲ ನೋಡುತ್ತಾ ಅಂದಳು.

“ನಂಗೆ ನೀನು ಬೇಕು, ರೂಬೆನ್. ಆದ್ರೆ ನಂಗೆ ನನ್ನ ಮೇಲೇ ಭಯ. ಮೊದಲನೇ ದಿನಾನೇ ನಿಂಗೆ ಹೊಡೆದೆ. ಹಿಂದೆ ಮುಂದೆ ಯೋಚನೆ ಮಾಡ್ಲಿಲ್ಲ. ನಂದು ನಮ್ಮಪ್ಪನ ಕೈ.”

ಅವನು ಇಲ್ಲ ಅನ್ನುತ್ತಾನೆ, ಹಾಗೆಲ್ಲ ಇಲ್ಲ ಚಿನ್ನ ಅನ್ನುತ್ತಾನೆ ಅಂತ ಅವಳು ಕಾದಳು. ಅವನು ಹಾಗೆ ಅನ್ನಲಿಲ್ಲ.

“ಹೊಡೆದೆ, ಹೌದು,” ಅಂದ. “ನೋವಾಗಿತ್ತು. ನಂಗೂ ಕೈ ಜೇಬಲ್ಲಿ ಇಟ್ಕೊಳ್ಳೋದು ಅವತ್ತು ಎಷ್ಟು ಕಷ್ಟ ಆಯ್ತು ಅಂತ ನಂಗೊಬ್ಬನಿಗೇ ಗೊತ್ತು. ಅದಕ್ಕೇ ಒಂದು ಮಾತು ಮಾಡ್ಕೊಳ್ಳೋಣ. ನೀನು ಇನ್ನೊಂದ್ಸಲ ಕೈ ಎತ್ತಿದ್ರೆ ನಾನು ಹೊರಟುಹೋಗ್ತೀನಿ. ನಾನು ಎತ್ತಿದ್ರೆ ನೀನು ಹೊರಟುಹೋಗು. ಕ್ಷಮೆ ಗಿಮೆ, ಮರುದಿನ ಹೂವು ತರೋದು, ಏನೂ ಇಲ್ಲ. ನೇರ ಬಾಗಿಲು.”

ಲೋರ್ನಾಳ ಅಮ್ಮನಿಗೆ ಇಂಥ ಮಾತನ್ನು ಯಾರೂ ಕೊಟ್ಟಿರಲಿಲ್ಲ. ಪ್ರೀತಿಸುತ್ತೇನೆ ಅಂತ ಅಪ್ಪ ವಾರ ವಾರ ಹೇಳುತ್ತಿದ್ದ. ಹೋಗಲು ಬಾಗಿಲಿದೆ ಅಂತ ಒಮ್ಮೆಯೂ ಹೇಳಿರಲಿಲ್ಲ.

“ಒಪ್ಪಿದೆ,” ಅಂದಳು. ಅಂದವಳೇ ಬಿಕ್ಕಿ ಬಿಕ್ಕಿ ಅತ್ತಳು.

ಅವನು ಅವಳ ಕೈಯನ್ನು ನಿಧಾನವಾಗಿ ತೆಗೆದುಕೊಂಡ. ಒಗೆದು, ಹೊಲಿದು ಒರಟಾದ ಆ ಕೈಯನ್ನು ತನ್ನ ಮುರಿದ ಪಕ್ಕೆಯ ಮೇಲೆ ಇಟ್ಟುಕೊಂಡ. ಪಟ್ಟಿಯ ಕೆಳಗೆ ಅವನ ಉಸಿರು ಏರುವುದು, ಇಳಿಯುವುದು ಅವಳ ಅಂಗೈಗೆ ತಿಳಿಯುತ್ತಿತ್ತು. ಲೋರ್ನಾ ಹೆದರಿ ಬೆರಳುಗಳನ್ನು ಸಡಿಲಿಸಿದಳು.

“ನೋವಾಗ್ತಿದೆಯಾ?”

“ಆಗ್ತಿದೆ,” ಅಂದ ರೂಬೆನ್. “ಕೈ ತೆಗೀಬೇಡ.”